ಗಳಗಳ ಸಾಹೇಬರು ರಕ್ತ ಕೊಟ್ಟದ್ದು

ನಮ್ಮ ಭಾವನಿಗೆ ಆ ಜ್ವರ ಬರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಭಾವನೇ ಹೇಳುತ್ತಿದ್ದರು. ಹಾಲು ಹಾಕುವವನಿಗೆ ಹೇಳಿದರು. ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೆ, ಅವನು ಅದನ್ನು ಹೆಗಲಿನಿಂದ ಇಳಿಸುವ ಮೊದಲೇ ಹೇಳಿದರು. ರಾಂಗ್ ನಂಬರ್ ಎಂದು ಫೋನಿಡಲು ಹೊರಟ ಅಪರಿಚಿತರನ್ನೂ ತಡೆದು ಹೇಳಿದರು. ಊರಿಗೆ ಊರೇ ಮುಸುಕು ಹಾಕಿಕೊಂಡು ಮಲಗಿದ ವರ್ಷದಲ್ಲಿ ತಾವೊಬ್ಬರು ಒಂದು ಸೀನೂ ಸೀನದೆ ಉಳಿದದ್ದು ಸಣ್ಣ ಸಾಧನೆಯಲ್ಲ ಎಂಬುದು ಅವರ ಅಭಿಪ್ರಾಯ.

ಭಾವನಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಕೂಗಬೇಕು. ಕಂಠ ಮಾತ್ರ ದೇವರು ಕೊಟ್ಟದ್ದು. ಉಳಿದದ್ದನ್ನು ಕೊಡುವಾಗ ದೇವರಿಗೆ ಸ್ವಲ್ಪ ಅವಸರವಿತ್ತು ಅಂತ ಕಾಣುತ್ತದೆ. ಒಮ್ಮೆ ಎರಡು ಬಸ್ಸುಗಳನ್ನು ಅದಲುಬದಲು ಕೂಗಿ, ಫುಟ್‌ಬಾಲ್ ಪಂದ್ಯಕ್ಕೆ ಹೊರಟಿದ್ದ ಹುಡುಗರನ್ನು ಕಣ್ಣಾಸ್ಪತ್ರೆಗೂ, ಕಣ್ಣು ತೋರಿಸಲು ಹೊರಟಿದ್ದ ಮುದುಕರನ್ನು ಫುಟ್‌ಬಾಲ್ ಮೈದಾನಕ್ಕೂ ಕಳಿಸಿದ್ದರು. ಮುದುಕರು ಪಂದ್ಯ ನೋಡಿ ಖುಷಿಪಟ್ಟು ಬಂದರೆಂದು ಭಾವ ಇವತ್ತಿಗೂ ವಾದಿಸುತ್ತಾರೆ. ಮನೆಯಲ್ಲೂ ಅದೇ ವರಸೆ. "ದಯವಿಟ್ಟು ಗಮನಿಸಿ, ಬಚ್ಚಲುಮನೆ ಈಗ ಖಾಲಿಯಾಗಿದೆ" ಎಂದು ಅವರು ಟವೆಲ್ ಸುತ್ತಿಕೊಂಡು ಬಂದು ಘೋಷಿಸಿದರೆ ಎದುರು ಸಾಲಿನವರೂ ಸ್ನಾನಕ್ಕೆ ಏಳುತ್ತಿದ್ದರು.

ಜ್ವರ ಬಾರದ ಕೀರ್ತಿಯನ್ನೆಲ್ಲ ಭಾವ ಉಪ್ಪುನೀರಿಗೆ ಬಿಟ್ಟುಕೊಟ್ಟಿದ್ದರು. ಬೆಳಗ್ಗೆ, ಮಧ್ಯಾಹ್ನ, ಸಂಜೆ, ತಲೆಯನ್ನು ಹಿಂದಕ್ಕೆ ಚೆಲ್ಲಿ ಅವರು ಬಾಯಿ ಮುಕ್ಕಳಿಸುವ ಸದ್ದು ಬೀದಿಯ ಕೊನೆಯ ಬೇಕರಿವರೆಗೂ ಕೇಳುತ್ತಿತ್ತು. ಬೀದಿಯ ಮಕ್ಕಳು ಅವರಿಗೆ ಗಳಗಳ ಸಾಹೇಬರು ಎಂದು ಹೆಸರಿಟ್ಟರು. ಭಾವ ಅದನ್ನೂ ಬಿರುದೆಂದೇ ತಿಳಿದರು.

ಇಲ್ಲಿ ಹಾಲಿನ ಸಂಗತಿ ಹೇಳಬೇಕು. ಜ್ವರ ಊರಿಗೆ ಕಾಲಿಟ್ಟ ಹೊಸತು. ಅಕ್ಕ ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ಹೇಳಿ, ಬಟ್ಟೆ ಒಣಹಾಕಲು ನನ್ನನ್ನು ಕರೆದುಕೊಂಡು ಮಹಡಿಗೆ ಹೋದಳು. ಭಾವ ಒಲೆಯ ಪಕ್ಕದಲ್ಲೇ ಪೇಪರ್ ಹಿಡಿದು ಕೂತರು. ಹಾಲು ಉಕ್ಕಿತು, ಇಂಗಿತು, ಸೀದಿತು, ಪಾತ್ರೆ ಕರ್ರಗಾಯಿತು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಮೂಗು ಮುಚ್ಚಿಕೊಂಡು ಕಿಟಕಿಯಿಂದ ಕೂಗಿದರು. ಕೊನೆಗೆ ಎದುರು ಮನೆಯಿಂದ ಭಾವನ ಅಣ್ಣ ಓಡಿ ಬಂದು ಒಲೆ ಆರಿಸಿದರು. ಭಾವ ಆಗ ಮೂರನೇ ಪುಟ ತಿರುವುತ್ತಿದ್ದರು.

"ಅಲ್ಲಾ ರೀ, ವಾಸನೆನಾದ್ರೂ ಬರ್ಲಿಲ್ವಾ?" ಎಂದಳು ಅಕ್ಕ.

"ಓದೋದ್ರಲ್ಲಿ ಮುಳುಗಿದ್ದೆ ಕಣೇ" ಎಂದರು ಭಾವ. ಭಾವನ ಬಗ್ಗೆ ಗೊತ್ತಿದ್ದ ನಮಗೆ ಇದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. ಅಣ್ಣ ತಮ್ಮ ಇಬ್ಬರೂ ಅಡಿಗೆಮನೆಯ ನೆಲದ ಮೇಲೆ ಅಕ್ಕಪಕ್ಕ ಕೂತು, ನಗುತ್ತಾ, ಚಿಕ್ಕಂದಿನಲ್ಲಿ ಸುಟ್ಟ ಪಾತ್ರೆಗಳನ್ನೆಲ್ಲ ನೆನೆಸಿಕೊಳ್ಳುತ್ತಾ ಅದನ್ನು ಉಜ್ಜಿದರು.

ಆ ಅಣ್ಣನಿಗೆ ಬೀದಿಯಲ್ಲಿ ಎಲ್ಲರೂ ಟೈಲರಣ್ಣ ಎನ್ನುತ್ತೇವೆ. ಮನೆಯ ಮುಂದಿನ ಕೋಣೆಯಲ್ಲೇ ಅವರ ಮಿಷನ್ನು. ಪಾತ್ರೆ ಉಜ್ಜಿಹೋದ ಆ ವಾರವೇ ಟೈಲರಣ್ಣ ಜ್ವರ ಬಂದು ಮಲಗಿದರು. ಅವರ ಹಿಂದೆಯೇ, ನಮ್ಮ ಮನೆಯಲ್ಲಿದ್ದ ಅಜ್ಜಿ, ಅಂದರೆ ಇವರಿಬ್ಬರ ತಾಯಿ, ಉಸಿರಾಡಲು ಒದ್ದಾಡತೊಡಗಿದರು. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಯಾರನ್ನೂ ಬಿಡಲಿಲ್ಲ. ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಹೋಗಿಬರುವ ಆಯಾಗಳನ್ನೆಲ್ಲ ತಡೆದು "ಅಮ್ಮ ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. ಆಗ ಆ ಕಂಠ ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳುತ್ತಿರಲಿಲ್ಲ. ಅಂಥ ಭಯದಲ್ಲಿ ಮನುಷ್ಯ ಯಾರನ್ನಾದರೂ ಬೈಯಲೇಬೇಕು. ಭಾವನಿಗೆ ಹತ್ತಿರದಲ್ಲಿ ಸಿಕ್ಕಿದ್ದು ಅಣ್ಣ.

"ನೀನು ಆವತ್ತು ನಮ್ಮನೆ ಅಡಿಗೆಮನೆಗೆ ಕಾಲಿಟ್ಟಿದ್ದಕ್ಕೇ ಅಮ್ಮಂಗೆ ಹೀಗಾಗಿದ್ದು!" ಎಂದು ಬೀದಿಯ ಮಧ್ಯೆ ನಿಂತು ಕೂಗಿದರು.

ಟೈಲರಣ್ಣ ಕಂಬಳಿ ಹೊದ್ದು ಕಿಟಕಿಗೆ ಬಂದರು. "ನಿಮ್ಮನೆ ಒಲೆ ಆರ್ಸೋಕೆ ಬಂದೆ ಕಣೋ" ಎಂದಷ್ಟೇ ಹೇಳಿ ಕಿಟಕಿ ಹಾಕಿಕೊಂಡರು.

ಅಜ್ಜಿ ಗಟ್ಟಿಜೀವ, ಗುಣವಾಗಿ ಮನೆಗೆ ಬಂದರು. ಬಂದು ನೋಡಿದರೆ ಮಕ್ಕಳಿಬ್ಬರಿಗೂ ಮಾತಿಲ್ಲ. ಅಂದಿನಿಂದ ಅಜ್ಜಿ ವರಾಂಡದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡರು. ಎದುರು ಮನೆಯ ಬಾಗಿಲು ಕಾಣಬೇಕು, ಆದರೆ ನೋಡುತ್ತಿದ್ದಾರೆಂದು ಯಾರಿಗೂ ಅನ್ನಿಸಬಾರದು, ಹಾಗೆ ಓರೆಯಾಗಿ. ಭಾವ ಹಟಕ್ಕೆ ಬಿದ್ದು ಬೇರೆ ಬೀದಿಯ ದರ್ಜಿಯ ಹತ್ತಿರ ಪ್ಯಾಂಟು ಹೊಲಿಸಿಕೊಂಡರು. ಅದರ ಒಂದು ಕಾಲು ನೆಲ ಗುಡಿಸುತ್ತಿತ್ತು, ಇನ್ನೊಂದು ಕಾಲುಚೀಲ ತೋರಿಸುತ್ತಿತ್ತು. ಅದನ್ನೇ ಹಾಕಿಕೊಂಡು ದಿನಾ ಟೈಲರಣ್ಣನ ಅಂಗಡಿಯ ಮುಂದೆ ಬೇಕೆಂತಲೇ ನಿಧಾನವಾಗಿ ನಡೆದುಹೋಗುತ್ತಿದ್ದರು. ಟೈಲರಣ್ಣ ಆ ಪ್ಯಾಂಟು ನೋಡಿ ಒಳಗೊಳಗೇ ನರಳುತ್ತಿದ್ದರೆಂದು ಅವರ ಹೆಂಡತಿ ಅಕ್ಕನಿಗೆ ಹೇಳಿದ್ದುಂಟು.

ಹೀಗೆ ಒಂದು ವರ್ಷ ಕಳೆಯಿತು. ಆಗ ಬೀದಿಯ ತಿರುವಿನಲ್ಲಿ ಆರೋಗ್ಯ ಇಲಾಖೆಯ ವ್ಯಾನು ಬಂದು ನಿಂತಿತು.

ವ್ಯಾನಿನಲ್ಲಿ ಒಬ್ಬ ಎಳೆ ಡಾಕ್ಟರು, ಒಬ್ಬ ಸಿಸ್ಟರು. ಜ್ವರ ಬಂದು ಹೋದವರ ರಕ್ತದಲ್ಲಿ ಅದರ ಗುರುತು ಉಳಿದಿರುತ್ತದಂತೆ. ಊರಿನಲ್ಲಿ ನಿಜವಾಗಿ ಎಷ್ಟು ಜನಕ್ಕೆ ಬಂದು ಹೋಗಿದೆ, ಗೊತ್ತೇ ಆಗದೆ ಎಷ್ಟು ಜನಕ್ಕೆ ಬಂದಿದೆ ಎಂದು ಅಂದಾಜು ಮಾಡುವುದಕ್ಕೆ ಚೀಟಿ ಎತ್ತಿ ಮನೆಗಳನ್ನು ಆರಿಸಿದ್ದರು. ಆರಿಸಿದ ಮನೆಯಿಂದ ಒಬ್ಬರು, ಹೆಸರು ವಯಸ್ಸು ಬರೆದುಕೊಟ್ಟ ಚೀಟಿ ಹಿಡಿದು, ವ್ಯಾನಿಗೆ ಹೋಗಿ ಒಂದು ಟ್ಯೂಬು ರಕ್ತ ಕೊಡಬೇಕು. ನಮ್ಮ ಬೀದಿಯಲ್ಲಿ ಆರಿಸಿದ್ದು ಮೇಷ್ಟ್ರ ಮನೆ, ಬೇಕರಿಯವರ ಮನೆ, ವಕೀಲರ ಮನೆ ಮತ್ತು ಟೈಲರಣ್ಣನ ಮನೆ.

ಬೀದಿಗೆ ನಡುಕ ಹುಟ್ಟಿತು. ರಕ್ತದಲ್ಲಿ ಗುರುತು ಸಿಕ್ಕಿದವರ ಬಾಗಿಲಿಗೆ ಕೆಂಪು ಬಣ್ಣ ಬಳಿಯುತ್ತಾರೆ ಎಂದು ಬೇಕರಿಯವರು ತಿಳಿದುಕೊಂಡು ಬಂದರು. ಮನೆಯವರನ್ನೆಲ್ಲ ಎತ್ತಿಕೊಂಡು ಹೋಗುತ್ತಾರೆ ಎಂದರು ಮೇಷ್ಟ್ರು. ಕಾನೂನಿನಲ್ಲಿ ಹಾಗೇನೂ ಇಲ್ಲ ಎಂದ ವಕೀಲರು, ಎಲ್ಲಕ್ಕಿಂತ ಮೊದಲು ತಮ್ಮ ಗೇಟಿಗೆ ಬೀಗ ಹಾಕಿಕೊಂಡರು. ಇಡೀ ಬೀದಿಯಲ್ಲಿ ರಕ್ತ ಕೊಡುತ್ತೇನೆಂದು ತೋಳು ಮಡಚಿಕೊಂಡು ಹೋದವರು ನಮ್ಮ ಭಾವ ಒಬ್ಬರೇ. ಪುಕ್ಕಟೆ ಸರ್ಟಿಫಿಕೇಟು ಸಿಗುವಾಗ ಬಿಡುವುದುಂಟೇ?

"ನಿಮ್ಮ ಮನೆ ಚೀಟೀಲಿ ಬಂದಿಲ್ಲ ಸರ್" ಎಂದರು ಡಾಕ್ಟರು.

"ಪರವಾಗಿಲ್ಲ, ನಾನೇ ಬಂದಿದೀನಲ್ಲ."

"ಹಾಗೆ ತಾವಾಗೇ ಬಂದವರದು ತಗೊಳೋ ಹಾಗಿಲ್ಲ ಸರ್. ಲೆಕ್ಕ ಕೆಡುತ್ತೆ. ಮುಂದಿನ ಸೀಟಿನವರನ್ನೇ ನೋಡಿ ಬಸ್ಸಲ್ಲಿ ಯಾರೂ ನಿದ್ದೆ ಮಾಡ್ತಿಲ್ಲ ಅಂದ್ಬಿಟ್ರೆ ಹೇಗೆ?"

ಬಸ್ಸಿನ ವಿಷಯದಲ್ಲಿ ಬೇರೆಯವರಿಂದ ಪಾಠ ಹೇಳಿಸಿಕೊಳ್ಳುವ ಅಭ್ಯಾಸ ಭಾವನಿಗಿರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದರು. ವರಾಂಡದಲ್ಲಿ ಅಜ್ಜಿ ಕಾಯುತ್ತಿದ್ದರು. ಯಾಕೆಂದರೆ ಭಾವ ಹಿಂದಿನ ದಿನವೇ ಅವರಿಗೆ ಮಾತು ಕೊಟ್ಟಿದ್ದರು: ನನಗೆ ಬಂದಿಲ್ಲ ಅಂತ ಸರ್ಕಾರವೇ ಹೇಳಲಿ, ಆಗ ಜ್ವರ ಎದುರು ಮನೆಯಿಂದಲೇ ಬಂತು ಅಂತ ಅಣ್ಣ ಒಪ್ಪಲೇಬೇಕು, ಅವನು ಒಪ್ಪಿದ ದಿನ ನಾನು ಮಾತಾಡ್ತೀನಿ. ಅಜ್ಜಿಗೆ ಯಾರು ಒಪ್ಪಿದರೂ ಒಂದೇ, ಒಟ್ಟಿನಲ್ಲಿ ಮಾತಾಡಿದರೆ ಸಾಕಿತ್ತು.

"ತಗೊಂಡ್ರೇನೋ?" ಎಂದರು.

"ಇಲ್ಲಮ್ಮ" ಎಂದರು ಭಾವ. ಅಜ್ಜಿ ಮತ್ತೆ ಎದುರು ಬಾಗಿಲ ಕಡೆಗೆ ತಿರುಗಿದರು.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಮೇಷ್ಟ್ರು ಬಂದರು. ಜ್ವರದ ವರ್ಷದಲ್ಲಿ ಮೇಷ್ಟ್ರು ಹೊಸಿಲು ದಾಟಿದವರಲ್ಲ. ತರಕಾರಿಯನ್ನು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲಕ್ಕೆ ಎಳೆದುಕೊಂಡು, ಸೋಪು ಹಾಕಿ ತೊಳೆದು ತಿಂದವರು. ಸೂಜಿ ಎಂದರೆ ಅವರಿಗೆ ಪ್ರಾಣಭಯ.

"ನೀವು ಕೊಡ್ಬೇಕು ಅಂತಿದೀರಿ, ನಿಮ್ಮದು ಬೇಡ ಅಂತಾರೆ. ನಾನು ಕೊಡಲ್ಲ ಅಂತೀನಿ, ನಂದೇ ಬೇಕು ಅಂತಾರೆ" ಎಂದು ಅವರು ತಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟರು. "ಮಾಸ್ಕ್ ಹಾಕ್ಕೊಂಡ್ರೆ ನೀವ್ಯಾರು, ನಾನ್ಯಾರು?"

ಭಾವನ ಮುಖ ಅರಳಿತು. ಮೇಷ್ಟ್ರು ಹೋಗುತ್ತಿದ್ದ ಹಾಗೆ ಬೇಕರಿಯವರು ಬಂದರು. ಅವರು ಹೋದ ಮೇಲೆ ವಕೀಲರು ತಮ್ಮ ಕರಿ ಕೋಟನ್ನೇ ಕೈಯಲ್ಲಿ ಹಿಡಿದುಕೊಂಡು ಬಂದರು, ಕಾನೂನಿನ ಪ್ರಕಾರ ತಾವು ಇಲ್ಲಿಗೆ ಬಂದೇ ಇಲ್ಲ ಎಂದು ಎಚ್ಚರಿಸಿ ಹೋದರು.

"ಭಾವ, ಇದು ತಪ್ಪಲ್ವಾ?" ಎಂದೆ ನಾನು.

"ನೋಡಯ್ಯ, ನನ್ನ ರಕ್ತ ಶುದ್ಧ. ಮೂರು ಮನೆಗೂ ಒಳ್ಳೇದೇ ಆಗುತ್ತೆ. ನನಗೂ ಒಂದರ ಬದಲು ಮೂರು ಸಾಕ್ಷಿ ಸಿಗುತ್ತೆ. ಇದರಲ್ಲಿ ನಷ್ಟ ಯಾರಿಗೆ ಹೇಳು?" ಎಂದರು.

ಹೀಗಾಗಿ ವೇಷದ ಚೀಲ ಹಿಡಿದುಕೊಂಡು ವ್ಯಾನಿನ ಹಿಂದೆ ನಿಲ್ಲುವ ಕೆಲಸ ನನ್ನದಾಯಿತು. ಡಾಕ್ಟರು ಬೇರೆ ಬೀದಿಗಳಲ್ಲಿ ಬಾಗಿಲು ಬಡಿಯುತ್ತಾ ತಿರುಗುತ್ತಿದ್ದರು. ಎಲ್ಲಿ ಹೋದರೂ ಬೈಸಿಕೊಂಡು ಬಂದಿದ್ದ ಸಿಸ್ಟರಿಗೆ, ಕರೆಯದೆ ಜನ ಬರುತ್ತಿರುವ ಈ ಬೀದಿ ಸ್ವರ್ಗದಂತೆ ಕಂಡಿರಬೇಕು.

ಭಾವ ಮೊದಲು ಮಫ್ಲರ್ ಸುತ್ತಿ, ಊರುಗೋಲು ಹಿಡಿದು, ಮೇಷ್ಟ್ರಾಗಿ ಹತ್ತಿದರು.

"ವಯಸ್ಸು ಎಪ್ಪತ್ತರ ಮೇಲೆ ಅಂತಿದೆ. ನರ ನೋಡಿದ್ರೆ ಐವತ್ತರ ಹಾಗಿದೆಯಲ್ಲ ತಾತ!" ಎಂದು ಸಿಸ್ಟರು ಮೆಚ್ಚಿಕೊಂಡರು.

"ಉಪ್ಪುನೀರು ಕಣಮ್ಮ!" ಎಂದರು ಭಾವ, ಇಡೀ ವ್ಯಾನು ಅದುರುವಂತೆ. ಊರುಗೋಲನ್ನು ಅಲ್ಲೇ ಮರೆತು ಠಾಕುಠೀಕಾಗಿ ಇಳಿದು ಬಂದರು.

ಎರಡನೆಯ ಸಲ ಅಂಗಿಗೆ ಮೈದಾಹಿಟ್ಟು ಉದುರಿಸಿಕೊಂಡು ಬೇಕರಿಯವರಾಗಿ ಹೋಗಿ ಎಡಗೈ ಕೊಟ್ಟರು. ಸಿಸ್ಟರು ಸೀನಿದರು, ಅಷ್ಟೆ. ಮೂರನೆಯ ಸಲ ವಕೀಲರ ಕೋಟು ತೊಟ್ಟು ಹೋದಾಗ ಹೊಸ ಕೈ ಉಳಿದಿರಲಿಲ್ಲ.

"ಇಲ್ಲಿ ಈಗಷ್ಟೇ ಚುಚ್ಚಿದ ಗುರುತಿದೆಯಲ್ಲ ಸರ್?"

"ಸೊಳ್ಳೆ."

"ಸೊಳ್ಳೆ ಕಚ್ಚಿ, ಹತ್ತಿ ಅಂಟಿಸಿ ಹೋಗುತ್ತಾ?"

"ವಕೀಲರ ಮನೆ ಸೊಳ್ಳೆ ಕಣಮ್ಮ" ಎಂದರು ಭಾವ. ಸಿಸ್ಟರಿಗೆ ವಕೀಲರ ಜೊತೆ ವಾದ ಮಾಡುವ ಚೈತನ್ಯ ಇರಲಿಲ್ಲ.

ಭಾವ ಕೋಟು ಕೊಡವಿಕೊಂಡು ಇಳಿಯುವುದಕ್ಕೂ, ಟೈಲರಣ್ಣ ತಮ್ಮ ಚೀಟಿ ಹಿಡಿದು ವ್ಯಾನು ಹತ್ತಲು ಬರುವುದಕ್ಕೂ ಸರಿಹೋಯಿತು. ಹಗಲೆಲ್ಲ ಸೂಜಿಯ ಜೊತೆಗೇ ಇರುವ ಅವರಿಗೆ ಸೂಜಿಯ ಭಯವೆಲ್ಲಿಂದ ಬರಬೇಕು? ಅಣ್ಣ ತಮ್ಮ ಮುಖಾಮುಖಿ ನಿಂತರು. ಟೈಲರಣ್ಣ ಮಾಸ್ಕಿನ ಮೇಲಿನ ಕಣ್ಣು ನೋಡಿದರು, ಆಮೇಲೆ ಕೋಟು ನೋಡಿದರು.

"ಆ ಕೋಟು ನಾನೇ ಹೊಲಿದಿದ್ದು" ಎಂದರು, ನನ್ನ ಕಡೆ ತಿರುಗಿ. "ವಕೀಲರ ಭುಜ ಇಷ್ಟು ಅಗಲ ಇಲ್ಲ. ಬೆನ್ನ ಹೊಲಿಗೆ ಬಿಟ್ಕೊಳ್ಳೋಕೆ ಮುಂಚೆ ತೆಗೆದಿಡೋಕೆ ಹೇಳು." ಇಷ್ಟು ಹೇಳಿ ವ್ಯಾನು ಹತ್ತಿದರು. ಒಳಗೆ ಅವರು ಏನಾದರೂ ಬಾಯಿ ಬಿಡುತ್ತಾರೇನೋ ಎಂದು ನಾನು ವ್ಯಾನಿಗೆ ಕಿವಿಗೊಟ್ಟು ನಿಂತೆ. ತಮ್ಮನ ವಿಷಯ ಒಂದು ಮಾತೂ ಆಡದೆ, ರಕ್ತ ಕೊಟ್ಟು ಮನೆಗೆ ಹೋದರು.

ಫಲಿತಾಂಶ ಬರುವವರೆಗೆ ಭಾವ ನೆಲದ ಮೇಲೆ ನಡೆಯಲಿಲ್ಲ. ಒಂದು ಹಲಗೆ ತಂದು, ಅದಕ್ಕೆ ನೀಲಿ ಬಣ್ಣ ಬಳಿದು, 'ಜ್ವರ ಮುಟ್ಟದ ಬೀದಿ' ಎಂದು ಬಿಳಿ ಅಕ್ಷರದಲ್ಲಿ ತಾವೇ ಬರೆದರು. ಮೂರು ಮನೆಯ ಫಲಿತಾಂಶ ಅವರಿಗೆ ಮೊದಲೇ ಗೊತ್ತಿತ್ತಲ್ಲ. ನಾಲ್ಕನೆಯ ಮನೆಯೊಂದು ಕಪ್ಪುಚುಕ್ಕೆ, ಅದನ್ನು ಬೀದಿ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು ಎಂದು ಭಾಷಣವನ್ನೂ ಸಿದ್ಧಮಾಡಿಕೊಂಡರು.

ಡಾಕ್ಟರು ಬಂದ ದಿನ ಬೀದಿಯವರೆಲ್ಲ ಮೇಷ್ಟ್ರ ಗೇಟಿನ ಹತ್ತಿರ ಸೇರಿದ್ದರು. ಅಜ್ಜಿಯ ಕುರ್ಚಿಯನ್ನು ಭಾವನೇ ಎತ್ತಿ ತಂದು ಮುಂದಿನ ಸಾಲಿನಲ್ಲಿ ಹಾಕಿದರು. ಟೈಲರಣ್ಣ ತಮ್ಮ ಬಾಗಿಲಲ್ಲೇ ನಿಂತಿದ್ದರು. ಡಾಕ್ಟರ ಮುಖ ಬಾಡಿತ್ತು.

"ಊರಲ್ಲಿ ಉಳಿದ ಕಡೆ ಸುಮಾರು ನಾಲ್ಕು ಜನದಲ್ಲಿ ಒಬ್ಬರಿಗೆ ಬಂದು ಹೋಗಿದೆ" ಎಂದರು ಡಾಕ್ಟರು. "ಈ ಬೀದೀಲಿ ನಾವು ನೋಡಿದ ಅಷ್ಟೂ ಜನಕ್ಕೆ ಬಂದು ಹೋಗಿದೆ. ಮೇಷ್ಟ್ರಿಗೂ ಬಂದಿದೆ, ಬೇಕರಿಯವರಿಗೂ ಬಂದಿದೆ, ವಕೀಲರಿಗೂ ಬಂದಿದೆ."

ಭಾವ ಎತ್ತಿ ಹಿಡಿದಿದ್ದ ಹಲಗೆ ಮೆಲ್ಲಗೆ ಕೆಳಗಿಳಿಯಿತು. ಬೀದಿ ಮಾತ್ರ ಭುಗಿಲೆದ್ದಿತು.

"ಮೇಷ್ಟ್ರೇ! ನನ್ನ ಬ್ರೆಡ್ಡನ್ನ ಬಿಸಿಲಲ್ಲಿ ಒಣಗಿಸಿ ತಿಂತಿದ್ರಿ, ಜ್ವರ ನೀವೇ ಒಳಗೆ ಇಟ್ಕೊಂಡಿದ್ರಾ?" ಎಂದು ಬೇಕರಿಯವರು ಕೂಗಿದರು.

"ನಿನಗೆ ಬಂದ ಕೈಯಲ್ಲೇ ಊರಿಗೆಲ್ಲ ಬನ್ ಹಂಚಿದೀಯಲ್ಲಯ್ಯ!" ಎಂದು ಮೇಷ್ಟ್ರು ಹಿಂದಕ್ಕೆ ಸರಿದರು. ಸರಿದು ವಕೀಲರ ಮೇಲೆ ಬಿದ್ದರು. "ಅಯ್ಯೋ, ಇವರಿಗೂ ಇದೆಯಂತೆ!" ಎಂದು ಅಲ್ಲಿಂದಲೂ ಹಾರಿದರು.

"ಇನ್ನೂ ಒಂದು ವಿಚಿತ್ರ" ಎಂದರು ಡಾಕ್ಟರು. "ಈ ಮೂರು ಜನರದ್ದೂ ಒಂದು ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ ಥರ ಬಂದಿದೆ. ಮಿಷನ್ ಕೆಟ್ಟಿದೆ ಅಂತ ಮೂರು ಸಲ ಬಿಚ್ಚಿ ಜೋಡಿಸಿದ್ವಿ."

"ಅದು ನನ್ನ ರಕ್ತ ಅನ್ನೋದಕ್ಕೆ ಏನು ಸಾಕ್ಷಿ?" ಎಂದು ವಕೀಲರು ಅಭ್ಯಾಸಬಲದಿಂದ ಕೇಳಿಬಿಟ್ಟರು.

"ನಂದಂತೂ ಅಲ್ಲ!" ಎಂದರು ಮೇಷ್ಟ್ರು.

"ನಂದೂ ಅಲ್ಲ!" ಎಂದರು ಬೇಕರಿಯವರು.

ಆಮೇಲೆ ಮೂವರೂ ಒಟ್ಟಿಗೆ ಭಾವನ ಕಡೆ ತಿರುಗಿದರು. ಸಿಸ್ಟರು ಭಾವನ ಹತ್ತಿರ ಬಂದು ಕಣ್ಣನ್ನೇ ದಿಟ್ಟಿಸಿ ನೋಡಿ, "ಊರುಗೋಲು ವ್ಯಾನಲ್ಲೇ ಇದೆ ತಾತ" ಎಂದರು.

ಡಾಕ್ಟರು ಪಾಪ ಗೋಡೆಗೆ ಒರಗಿಕೊಂಡರು. "ಸರ್, ಒಂದೊಂದು ಟ್ಯೂಬು ಸಾವಿರಾರು ಜನರ ಪರವಾಗಿ ಇರುತ್ತೆ. ಈ ಅಂದಾಜು ನೋಡ್ಕೊಂಡೇ ಆಸ್ಪತ್ರೇಲಿ ಎಷ್ಟು ಮಂಚ ಬೇಕು ಅಂತ ತೀರ್ಮಾನ ಮಾಡೋದು. ನೀವೊಬ್ಬರೇ ಕೂತು ಊರಿಗೆಲ್ಲ ಜ್ವರ ಬರಿಸ್ತಿದ್ರಲ್ಲ ಸರ್!"

ಭಾವನ ಕಿವಿಗೆ ಅದು ಯಾವುದೂ ಬೀಳಲಿಲ್ಲ. "ನನಗಾ? ಬಂದಿತ್ತಾ? ನಾನು ಸೀನೇ ಇಲ್ಲ ಡಾಕ್ಟ್ರೇ!"

"ಸೀನದೆ, ಮೈ ಬಿಸಿ ಆಗದೆ ಬಂದು ಹೋದವರು ಬೇಕಾದಷ್ಟು ಜನ ಇದಾರೆ ಸರ್. ಅವರನ್ನ ಎಣಿಸೋಕೇ ನಾವು ಬಂದಿದ್ದು. ಕೆಲವರಿಗೆ ಒಂದಷ್ಟು ದಿನ ವಾಸನೆ ತಿಳಿಯಲ್ಲ, ಅಷ್ಟೇ."

"ಹಾಲು" ಎಂದಳು ಅಕ್ಕ.

ಅಷ್ಟೇ ಹೇಳಿದ್ದು. ಆದರೆ ಆ ದಿನ ಆ ಸೀದ ವಾಸನೆ ಕುಡಿಯದ ಮೂಗು ಬೀದಿಯಲ್ಲಿ ಭಾವನದೊಂದೇ. ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಮೇಷ್ಟ್ರು ತಮಗೇ ಅರಿವಿಲ್ಲದೆ ಮೂಗು ಮುಚ್ಚಿಕೊಂಡರು.

ಭಾವ ಎದುರು ಬಾಗಿಲ ಕಡೆ ನೋಡಿದರು. ಟೈಲರಣ್ಣ ನಿಂತೇ ಇದ್ದರು. "ಡಾಕ್ಟ್ರೇ," ಎಂದರು ಭಾವ, ಸ್ವರ ಬಿದ್ದುಹೋಗಿತ್ತು, "ಯಾರಿಂದ ಯಾರಿಗೆ ಬಂತು ಅಂತ ಗೊತ್ತಾಗುತ್ತಾ?"

"ಇಲ್ಲ ಸರ್. ಅದನ್ನ ರಕ್ತ ಹೇಳಲ್ಲ."

ತಪ್ಪಿಸಿಕೊಳ್ಳಲು ಕಿಂಡಿ ಸಿಕ್ಕಿತಲ್ಲ, ಭಾವ ಈಗ ನುಸುಳುತ್ತಾರೆ ಎಂದುಕೊಂಡೆ. ಅವರು ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಅಜ್ಜಿ ಮಾತಾಡಿದರು.

"ಒಲೆ ಆರ್ಸೋಕೆ ಬಂದ ಕಣೋ ಅವನು. ನಿನ್ನ ಪಕ್ಕದಲ್ಲಿ ಕೂತು ಪಾತ್ರೆ ಉಜ್ಜಿದ. ಯಾರು ತಂದ್ರಿ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ? ನೀನೂ ಉಳ್ಕೊಂಡೆ, ಅವನೂ ಉಳ್ಕೊಂಡ, ನಾನೂ ಉಳ್ಕೊಂಡೆ. ಉಳ್ಕೊಂಡು ಒಂದು ವರ್ಷದಿಂದ ನಾನು ಬಾಗಿಲು ಕಾಯ್ತಾ ಕೂತಿದೀನಿ."

ಭಾವ ಹಲಗೆ ಎತ್ತಿಕೊಂಡು, ಅಕ್ಷರ ಯಾರಿಗೂ ಕಾಣದಂತೆ ಎದೆಗೆ ಒತ್ತಿಕೊಂಡು ಒಳಗೆ ಹೋದರು. ಇನ್ನೂ ಆರದ ನೀಲಿ ಬಣ್ಣ ಅಂಗಿಗೆಲ್ಲ ಮೆತ್ತಿತು.

ಆ ಮಧ್ಯಾಹ್ನ ಮೂರು ಮನೆಯವರ ಸ್ವಂತ ರಕ್ತ ತೆಗೆದರು. ಮೇಷ್ಟ್ರು ಸೂಜಿಯನ್ನು ಡಬ್ಬಿಯಿಂದ ತೆಗೆಯುವಾಗಲೇ ಎಚ್ಚರ ತಪ್ಪಿದ್ದರಿಂದ ಕೆಲಸ ಸುಲಭವಾಯಿತು. ವಕೀಲರು ಕೊನೆಯವರೆಗೂ ಆಕ್ಷೇಪಣೆ ಎತ್ತುತ್ತಲೇ ಕೈ ಚಾಚಿದರು. ಭಾವನ ಮೂರೂ ಟ್ಯೂಬುಗಳನ್ನು ಲೆಕ್ಕದಿಂದ ತೆಗೆದುಹಾಕಿದರು. ನಮ್ಮ ಮನೆಯ ಚೀಟಿ ಬಂದಿರಲಿಲ್ಲವಲ್ಲ, ಆದ್ದರಿಂದ ಇಡೀ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ರಕ್ತ ಕೊಟ್ಟ ಮನುಷ್ಯ ಊರಿನ ಯಾವ ಅಂದಾಜಿಗೂ ಸೇರಲಿಲ್ಲ.

ಅಂದು ಸಂಜೆ ಬೀದಿಗೆ ಉಪ್ಪುನೀರಿನ ಸದ್ದು ಕೇಳಿಸಲಿಲ್ಲ. ಕತ್ತಲಾಗುವ ಮುಂಚೆ ಭಾವ ಆ ಏರುಪೇರಿನ ಪ್ಯಾಂಟು ತೊಟ್ಟು ಹೊರಟರು. ಅಜ್ಜಿ ಮತ್ತು ನಾನು ವರಾಂಡದಲ್ಲಿದ್ದೆವು. ಭಾವ ಬೀದಿ ದಾಟಿ ಎದುರು ಮನೆಯ ಬಾಗಿಲ ಮುಂದೆ ನಿಂತರು. ಟೈಲರಣ್ಣ ಕೊರಳಲ್ಲಿ ಟೇಪು ಹಾಕಿಕೊಂಡು ಹೊರಗೆ ಬಂದರು. ಭಾವ ಒಮ್ಮೆ ಕೆಮ್ಮಿದರು, ಒಮ್ಮೆ ಆಕಾಶ ನೋಡಿದರು. ದಿನವಿಡೀ ಸಾವಿರ ಜನರ ಮುಂದೆ ಮಾತಾಡುವ ಮನುಷ್ಯನಿಗೆ ಒಬ್ಬ ಅಣ್ಣನ ಮುಂದೆ ಮಾತೇ ಹೊರಡಲಿಲ್ಲ. ಕೊನೆಗೆ ಅವರಿಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು.

"ದಯವಿಟ್ಟು ಗಮನಿಸಿ" ಎಂದರು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. "ಎದುರು ಮನೆಯಿಂದ ಹೊರಡಬೇಕಾಗಿದ್ದ ತಮ್ಮ, ಒಂದು ವರ್ಷ ತಡವಾಗಿ, ಈಗ ಅಣ್ಣನ ಬಾಗಿಲಿಗೆ ಬಂದು ನಿಂತಿದ್ದಾನೆ. ತಪ್ಪು ತಮ್ಮನದು. ಆಗಿರುವ ತೊಂದರೆಗೆ..." ಮುಂದಿನ ಮಾತನ್ನು ಅವರು ದಿನಕ್ಕೆ ನೂರು ಸಲ ಹೇಳುತ್ತಾರೆ. ಅವತ್ತು ಮಾತ್ರ ಅಲ್ಲಿಗೇ ನಿಲ್ಲಿಸಿದರು.

ಟೈಲರಣ್ಣನ ಕಣ್ಣು ತಮ್ಮನ ಪ್ಯಾಂಟಿನ ಎಡಗಾಲಿಗೂ ಬಲಗಾಲಿಗೂ ಹೋಗಿ ಬಂತು. ಆಗ ಭಾವ ಮೂಗನ್ನು ಮೇಲಕ್ಕೆತ್ತಿ ಒಮ್ಮೆ ಗಾಳಿ ಎಳೆದುಕೊಂಡರು.

"ಅಣ್ಣಾ," ಎಂದರು, ಈಗ ಸಾಮಾನ್ಯ ದನಿಯಲ್ಲಿ, "ಒಳಗೆ ಹಾಲು ಸೀಯ್ತಾ ಇದೆ."

ಟೈಲರಣ್ಣ "ಅಯ್ಯೋ!" ಎಂದು ಒಳಗೆ ಓಡಿದರು. ಒಳಗಿಂದಲೇ ಕೂಗಿದ್ದು ನಮ್ಮ ವರಾಂಡಕ್ಕೂ ಬಂತು. "ಏನ್ ನೋಡ್ತಾ ನಿಂತಿದೀಯೋ, ಒಳಗೆ ಬಾ! ಬಟ್ಟೆ ಕೊಡೋ ಇಲ್ಲಿ, ಕೈ ಸುಡ್ತಿದೆ!" ಭಾವ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರು.

ಅಜ್ಜಿಗೆ ಕಿವಿ ಸ್ವಲ್ಪ ಮಂದ. ನನ್ನ ತೋಳು ಹಿಡಿದು, "ಏನಂದನೋ? ದೊಡ್ಡವನು ಏನಂದ?" ಎಂದು ಕೇಳಿದರು.

"ಒಳಗೆ ಬಾ ಅಂದ್ರು ಅಜ್ಜಿ" ಎಂದೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. "ಕುರ್ಚಿ ಒಳಗಿಡು. ಇಲ್ಲಿ ಇನ್ನೇನಿದೆ ನೋಡೋದಕ್ಕೆ" ಎಂದರು.